ಪೆಟ್ರೋಲಿಗೆ ಸೋಪು ಹಾಕಿಸಿದ ದನಿ

ಸಂಪಾಜೆಯಿಂದ ಮಡಿಕೇರಿಯವರೆಗೆ ಯಮುನಳ ಮುಖ ಗೊತ್ತಿಲ್ಲದವರು ಎಷ್ಟೋ ಮಂದಿ ಇದ್ದಾರು, ದನಿ ಗೊತ್ತಿಲ್ಲದವರು ಕಡಿಮೆ. ಕಬಡ್ಡಿ ಪಂದ್ಯ, ಪೋಲಿಯೋ ಹನಿ, ಕರೆಂಟು ಇಲ್ಲದ ದಿನ, ಸೊಸೈಟಿಗೆ ಗೊಬ್ಬರ ಬಂದ ಸುದ್ದಿ, ಊರಿನ ಹಿರಿಯರು ತೀರಿಕೊಂಡ ಸುದ್ದಿ, ಎಲ್ಲವೂ ಆ ಬದಿಯಲ್ಲಿ ಅವಳ ದನಿಯಲ್ಲೇ ಮನೆ ಮನೆ ಮುಟ್ಟುತ್ತಿತ್ತು. ಗಂಡ ಉದಯನದು ಮೈಕ್ ಸೆಟ್ಟಿನ ಅಂಗಡಿ. ಹಳೆಯ ಓಮ್ನಿಯ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಅವನು ಗಾಡಿ ಬಿಡುತ್ತಿದ್ದ, ಪಕ್ಕದ ಸೀಟಿನಲ್ಲಿ ಕೂತು ಇವಳು ಹೇಳುತ್ತಿದ್ದಳು.

ಅವಳನ್ನು ಮೊದಲು ಮೈಕಿನ ಮುಂದೆ ಕೂರಿಸಿದ್ದು ಉದಯನ ಚಿಕ್ಕಪ್ಪ ಬೆಳ್ಯಪ್ಪ. ಸಂಪಾಜೆ ಗೇಟಿನ ಹತ್ತಿರ ಆಟೋ ಇಟ್ಟುಕೊಂಡಿದ್ದ, ಮಾತು ಕಡಿಮೆಯ ಮನುಷ್ಯ. ಯಮುನ ಮದುವೆಯಾಗಿ ಬಂದ ಹೊಸತು. ಯುವಕ ಸಂಘದ ಕಾರ್ಯಕ್ರಮದ ಪ್ರಚಾರಕ್ಕೆ ಹೋಗಬೇಕಿದ್ದವನ ಗಂಟಲು ಕಟ್ಟಿತ್ತು. ಬೇರೆ ಯಾರು ಎಂದು ಉದಯ ತಲೆ ಕೆರೆದುಕೊಳ್ಳುತ್ತಿದ್ದಾಗ ಬೆಳ್ಯಪ್ಪ, "ಮನೆಲೇ ಉಟ್ಟಲ್ಲ ದನಿ, ಯಮುನ ಹೇಳ್ಲಿ," ಎಂದು ಮನೆಮಾತು ಅರೆಭಾಷೆಯಲ್ಲಿ ಅಂದ. ಹೊಸ ಸೊಸೆ ರಸ್ತೆಯಲ್ಲಿ ಕೂಗುವುದೇ ಎಂದು ಮನೆಯಲ್ಲಿ ಎರಡು ಮಾತು ಬಂತು. ಬೆಳ್ಯಪ್ಪನ ಹೆಂಡತಿ ಬೆಳ್ಳಮ್ಮ, "ಕೂಗುದಲ್ಲ, ಹೇಳುದು," ಎಂದು ಆ ಮಾತಿಗೆ ಮುಕ್ತಾಯ ಹಾಡಿದಳು.

ಆಮೇಲೆ ಗುಡ್ಡ ಜರಿದ ವರ್ಷ ಬಂತು. ಹೊಳೆಬದಿಯ ಕೆಲವು ಮನೆಗಳವರು ಹೊರಡಲು ಒಪ್ಪಲಿಲ್ಲ. ದನ ಬಿಟ್ಟು ಹೇಗೆ ಬರುವುದು, ಪ್ರತಿ ವರ್ಷ ಬರುವ ಮಳೆಯೇ ಅಲ್ಲವೇ ಎಂದು ವಾದ ಮಾಡಿದರು. ಪಂಚಾಯ್ತಿ ಸಿಬ್ಬಂದಿ ಕೂಗಿ ಸುಸ್ತಾದ ಮೇಲೆ ಯಮುನ ಮೈಕ್ ಹಿಡಿದಳು. ಎಚ್ಚರಿಕೆ ಗಿಚ್ಚರಿಕೆ ಎನ್ನಲಿಲ್ಲ. ಒಂದೊಂದು ಮನೆಯವರ ಹೆಸರು ಹಿಡಿದು, "ಸುಧಕ್ಕ, ಮಕ್ಕಳನ್ನು ಕರ್ಕೊಂಡು ಬನ್ನಿ, ನಾನು ಇಲ್ಲೇ ನಿಂತಿದ್ದೇನೆ," ಎಂದು ಕರೆದಳು. ಜನ ಬಂದರು. ಅವರು ಬಂದ ಮೇಲೆ ಅಲ್ಲಿದ್ದ ಎರಡು ಮನೆಗಳ ಮೇಲೆ ಮಣ್ಣು ಬಿತ್ತು. ಅಲ್ಲಿಂದ ಮುಂದೆ ಅವಳ ದನಿಗೆ ಬೇರೆಯೇ ತೂಕ ಬಂತು. ಯಮುನ ಹೇಳಿದ್ದಾಳೆ ಎಂದರೆ ಮತ್ತೆ ಯಾರನ್ನೂ ಕೇಳುವ ರೂಢಿ ಇರಲಿಲ್ಲ.

ಇತ್ತೀಚೆಗೆ ರಸ್ತೆ ಪ್ರಚಾರ ಕಡಿಮೆಯಾಗಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವ ಕೆಲಸ ಹೆಚ್ಚಾಗಿತ್ತು. ಮಲಗುವ ಕೋಣೆಯ ಗೋಡೆಗೆ ಕಂಬಳಿ ತೂಗುಹಾಕಿ ಅವಳೇ ಒಂದು ಸ್ಟುಡಿಯೋ ಮಾಡಿಕೊಂಡಿದ್ದಳು. ಗಾಡಿಗಳ ಬಗ್ಗೆ ವಿಡಿಯೋ ಮಾಡುವ ಭವಿತ್ ಎಂಬ ಹುಡುಗ ಮಂಗಳೂರು ಕಡೆಯಿಂದ ಬರಹ ಕಳಿಸುತ್ತಿದ್ದ, ಇವಳು ಓದಿ ಕಳಿಸುತ್ತಿದ್ದಳು. ಟೈರ್ ಗಾಳಿ ಎಷ್ಟಿರಬೇಕು, ಕ್ಲಚ್ ಬೇಗ ಸವೆಯುವುದು ಯಾಕೆ, ಅಂಥವು. ಮೊನ್ನೆ ಬೇಸಿಗೆಯಲ್ಲಿ ಕಳಿಸಿದ ಬರಹ ಅಮೆರಿಕದ ಪೆಟ್ರೋಲಿನದ್ದು. ಅಲ್ಲಿ ಪೆಟ್ರೋಲಿಗೆ ಡಿಟರ್ಜೆಂಟ್ ಸೇರಿಸದೆ ಮಾರುವಂತಿಲ್ಲ, ಸುಮಾರು ಮೂವತ್ತು ವರ್ಷದಿಂದ ಸರ್ಕಾರದ ನಿಯಮವೇ ಹಾಗಿದೆ, ಸೇರಿಸದಿದ್ದರೆ ಎಂಜಿನ್ನಿನ ಒಳಗೆ ಮಸಿ ಕಟ್ಟಿ ಹೊಗೆ ಹೆಚ್ಚುತ್ತದೆ ಎಂದು ಅದರಲ್ಲಿತ್ತು.

ಓದುವ ಮೊದಲು ಯಮುನ ಫೋನ್ ಮಾಡಿ ಕೇಳಿದಳು. "ಭವಿತ್, ಈ ಡಿಟರ್ಜೆಂಟ್ ಅಂದ್ರೆ ಬಟ್ಟೆ ಒಗೆಯುವ ಸೋಪಾ?"

"ಛೆ, ಅಲ್ಲ ಅಕ್ಕ. ಅದು ಬೇರೆ ಕೆಮಿಕಲ್. ಎಂಜಿನ್ ಕ್ಲೀನ್ ಮಾಡ್ತದೆ ಅಂತ ಆ ಹೆಸರು."

"ಹಾಗಾದ್ರೆ ಅದನ್ನೂ ಒಂದು ಮಾತು ಸೇರಿಸುವನಾ?"

"ವಿಡಿಯೋ ಉದ್ದ ಆಗ್ತದೆ ಮಾರಾಯ್ರೆ. ಗಾಡಿ ಇದ್ದವರಿಗೆ ಅಷ್ಟು ಗೊತ್ತಿರ್ತದೆ. ನೀವು ಓದಿ."

ಓದಿದಳು. ಎಂದಿನಂತೆ ಸ್ಪಷ್ಟವಾಗಿ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ ಓದಿದಳು. ಕಳಿಸಿ, ಒಲೆಯ ಮೇಲಿಟ್ಟಿದ್ದ ಸಾರು ಉಕ್ಕುತ್ತಿದೆ ಎಂದು ಅಡಿಗೆಮನೆಗೆ ಓಡಿದಳು. ಅದನ್ನು ಮತ್ತೆ ನೆನಪಿಸಿಕೊಳ್ಳುವ ಕಾರಣವೇ ಇರಲಿಲ್ಲ.

ಮಳೆ ಹಿಡಿಯುವ ಮುಂಚಿನ ಒಂದು ಸೋಮವಾರ ಹಳೆಯ ಆಂಪ್ಲಿಫೈಯರ್ ರಿಪೇರಿಗೆ ಕೊಡಲು ಯಮುನ ಬಸ್ಸಿನಲ್ಲಿ ಕುಶಾಲನಗರಕ್ಕೆ ಹೋದಳು. ಉದಯ ಓಮ್ನಿ ತೆಗೆದುಕೊಂಡು ಸುಳ್ಯದ ಮದುವೆಯೊಂದಕ್ಕೆ ಮೈಕ್ ಕಟ್ಟಲು ಹೋಗಿದ್ದ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಂಪ್ಲಿಫೈಯರ್ ಹೊತ್ತುಕೊಂಡು ಒಂದು ಆಟೋ ಹತ್ತಿದಳು. ಡ್ರೈವರ್ ರಾಜು ಎಂಬ ಹುಡುಗ, ಕಿವಿಯಲ್ಲಿ ಚಿನ್ನದ ಬಣ್ಣದ ಒಂಟಿ. ಸ್ವಲ್ಪ ದೂರ ಹೋಗುವುದರೊಳಗೆ ಆಟೋ ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತೇಹೋಯಿತು.

"ಬೆಳಗ್ಗೆಯಿಂದ ಹಿಂಗೇ ಅಕ್ಕ. ಇಲ್ಲೇ ಗ್ಯಾರೇಜು, ಬನ್ನಿ, ಅಲ್ಲಿಂದ ಬೇರೆ ಆಟೋ ಹತ್ತಿಸ್ತೀನಿ," ಎಂದು ಅವನು ತಳ್ಳತೊಡಗಿದ. ಯಮುನ ಆಂಪ್ಲಿಫೈಯರನ್ನು ಸೀಟಿನಲ್ಲೇ ಬಿಟ್ಟು ಹಿಂದಿನಿಂದ ಕೈ ಕೊಟ್ಟಳು.

ಗ್ಯಾರೇಜಿನಲ್ಲಿ ಮೊದಲೇ ಮೂರ್ನಾಲ್ಕು ಸ್ಕೂಟರ್ ನಿಂತಿದ್ದವು. ಮೆಕ್ಯಾನಿಕ್ ಕೃಷ್ಣಪ್ಪ ಒಂದರ ಟ್ಯಾಂಕ್ ಕಳಚಿ ಬೇಸಿನ್ನಿಗೆ ಬಗ್ಗಿಸುತ್ತಿದ್ದರು. ಪೆಟ್ರೋಲಿನ ಜತೆ ಬಿಳಿಯ ಲೋಳೆಯೊಂದು ಇಳಿದು, ಬೇಸಿನ್ನಿನ ಅಂಚಿನಲ್ಲಿ ನೊರೆ ಕಟ್ಟಿತು. ಪೆಟ್ರೋಲಿನ ವಾಸನೆಯ ನಡುವೆ ಮಲ್ಲಿಗೆಯ ವಾಸನೆ. ಬಟ್ಟೆ ಸೋಪಿನ ಮಲ್ಲಿಗೆ.

"ನೀನೂ ಹಾಕಿದ್ಯಾ?" ಕೃಷ್ಣಪ್ಪ ರಾಜುವಿನ ಕಡೆ ತಿರುಗಿಯೂ ನೋಡದೆ ಕೇಳಿದರು.

"ಲಿಕ್ವಿಡ್ ಹಾಕ್ದೆ ಅಣ್ಣ. ಒಂದು ಮುಚ್ಚಳ ಅಷ್ಟೇ."

"ಎಲ್ರಿಗೂ ಏನು ಬಂದಿದೆ ರೋಗ? ಟ್ಯಾಂಕಿಗೆ ಯಾರಾದ್ರೂ ಸೋಪು ಹಾಕ್ತಾರೇನೋ?"

"ಸರ್ಕಾರದ ಆರ್ಡರ್ ಅಣ್ಣ. ಮುಂದಿನ ತಿಂಗಳಿಂದ ಎಮಿಷನ್ ಟೆಸ್ಟಲ್ಲಿ ಚೆಕ್ ಮಾಡ್ತಾರಂತೆ. ನಂಬಿಕೆ ಇಲ್ದಿದ್ರೆ ಕೇಳಿ," ಎಂದು ರಾಜು ಫೋನ್ ತೆಗೆದು ಒತ್ತಿದ.

"ಪೆಟ್ರೋಲಿನಲ್ಲಿ ಡಿಟರ್ಜೆಂಟ್ ಇರಲೇಬೇಕು. ಇದು ಸರ್ಕಾರದ ಕಡ್ಡಾಯ ನಿಯಮ. ಡಿಟರ್ಜೆಂಟ್ ಇಲ್ಲದಿದ್ದರೆ ಎಂಜಿನ್ ಒಳಗೆ ಮಸಿ ಕಟ್ಟುತ್ತದೆ. ನಿಮ್ಮ ಗಾಡಿಯ ಪೆಟ್ರೋಲಿನಲ್ಲಿ ಡಿಟರ್ಜೆಂಟ್ ಇದೆಯೇ?"

ಯಮುನಳಿಗೆ ಮೊದಲು ಅನಿಸಿದ್ದು, ಇದು ಯಾರದೋ ಒಳ್ಳೆಯ ದನಿ ಎಂದು. ಫೋನಿನ ಸಣ್ಣ ಸ್ಪೀಕರಿನಲ್ಲಿ ಅದು ಅಷ್ಟು ತೆಳ್ಳಗೆ ಕೇಳಿಸಿತು. 'ಕಡ್ಡಾಯ' ಎನ್ನುವಲ್ಲಿ ಒತ್ತಿದ್ದು ಕಿವಿಗೆ ಬಿದ್ದಾಗ ಗುರುತು ಸಿಕ್ಕಿತು. ಒತ್ತಿದ್ದು ಅವಳೇ. ಆ ಒತ್ತು ಸರಿಯಾಗಿ ಬರಲಿ ಎಂದು ಎರಡು ಸಲ ರೆಕಾರ್ಡ್ ಮಾಡಿದ್ದೂ ನೆನಪಾಯಿತು. ಅಮೆರಿಕ ಎಂಬ ಮಾತು ಎಲ್ಲಿ? ಅದು ಮೊದಲ ಸಾಲಿನಲ್ಲೇ ಇತ್ತಲ್ಲ? ಯಾರೋ ಕತ್ತರಿಸಿದ್ದರು. ಬಾಲ ಬಿಟ್ಟು, ತಲೆ ಬಿಟ್ಟು, ನಡುವಿನ ತುಂಡನ್ನು ಮಾತ್ರ ಹರಿಯಬಿಟ್ಟಿದ್ದರು.

"ನೋಡಿದ್ರಾ?" ಅಂದ ರಾಜು. "ಆಕಾಶವಾಣಿ ತರ ಇಲ್ವಾ ಹೇಳೋದು?"

ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಇಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಬಿಡದೆ, ಆಂಪ್ಲಿಫೈಯರ್ ಎತ್ತಿಕೊಂಡು ಹೊರಗೆ ನಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ಬಿಟ್ಟರೆ ಗೊತ್ತಾಗಿಬಿಡುತ್ತದೆ. ವರ್ಷಗಟ್ಟಲೆ ಮಾತೇ ಕಸುಬಾಗಿದ್ದ ಹೆಂಗಸು ಗ್ಯಾರೇಜಿನ ಮುರುಕು ಸ್ಟೂಲಿನ ಮೇಲೆ ತುಟಿ ಬಿಗಿದು ಕೂತಳು.

ಅಷ್ಟರಲ್ಲಿ ಕಳೆ ಕತ್ತರಿಸುವ ಮಿಷನ್ ಹೆಗಲ ಮೇಲೆ ಹೊತ್ತು ಒಬ್ಬ ಒಳಗೆ ಬಂದ. ಗುಡ್ಡೆಹೊಸೂರು ಕಡೆಯ ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿರುವ ಚೋಮ. ಮಿಷನ್ ಕೆಳಗಿಟ್ಟು, ತಪ್ಪು ಮಾಡಿದವನಂತೆ ನಿಂತ. "ಸ್ಟಾರ್ಟ್ ಆಗ್ತಿಲ್ಲ ಅಣ್ಣ. ಲೆಕ್ಕದ ರೈಟರ್ ಬೈತಾರೆ. ಎಸ್ಟೇಟಿನ ಮಿಷನ್ನು ಇದು. ಫೋನಲ್ಲಿ ಹೇಳಿದ್ರು ಅಂತ ಸೋಪಿನ ಪುಡಿ ಹಾಕಿದ್ದೆ."

"ಹಾಕಬೇಡಿ," ಎಂದಳು ಯಮುನ. ಬಾಯಿ ತಾನಾಗಿ ತೆರೆದುಕೊಂಡಿತ್ತು. "ಅದು ನಮಗೆ ಹೇಳಿದ್ದಲ್ಲ. ಅದು ಸೋಪಲ್ಲ. ಅಮೆರಿಕದ ಸುದ್ದಿ ಅದು. ಅರ್ಧ ಕತ್ತರಿಸಿದ್ದಾರೆ."

ಕೃಷ್ಣಪ್ಪ ಕೈಯಲ್ಲಿದ್ದ ಟ್ಯಾಂಕನ್ನು ಹಾಗೆಯೇ ಹಿಡಿದು ತಲೆಯೆತ್ತಿದರು. ರಾಜು ಫೋನನ್ನು ನೋಡಿದ, ಅವಳನ್ನು ನೋಡಿದ.

"ಇನ್ನೊಂದ್ಸಲ ಮಾತಾಡಿಯಮ್ಮ," ಎಂದರು ಕೃಷ್ಣಪ್ಪ.

"ಅದು ನನ್ನ ದನಿ," ಎಂದಳು.

ಬೈಗುಳ ಬರುತ್ತದೆ ಎಂದು ಅವಳು ಕಾದಳು. ರಾಜುವಿನ ಮುಖ ಕೆಂಪಾಗಿತ್ತು, ಅವನು ಏನೋ ಹೇಳಲು ಮುಂದೆ ಬಂದಿದ್ದ. ಅವನಿಗಿಂತ ಮೊದಲು ಚೋಮ ಮಾತಾಡಿದ. ಅವನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣಿಸಿತ್ತು.

"ನೀವೇನಾ ಅಕ್ಕ? ಒಳ್ಳೇದಾಯ್ತು, ಸಿಕ್ಕಿದ್ರಿ. ಎಷ್ಟು ಹಾಕ್ಬೇಕು ಅಂತ ನೀವು ಹೇಳಿರ್ಲಿಲ್ಲ. ನಾನು ಜಾಸ್ತಿ ಹಾಕ್ಬಿಟ್ಟೆ ಅನ್ಸುತ್ತೆ, ಅಲ್ವಾ?"

ಮುಂದೆ ಎಷ್ಟೋ ಸಲ ಯಮುನ ಇದನ್ನು ಹೇಳಿದ್ದಾಳೆ: ಆ ದಿನ ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಆಘಾತ ಆಗುತ್ತಿರಲಿಲ್ಲ. ಕಣ್ಣೆದುರು ನೊರೆ ಇದೆ, ಕೆಟ್ಟ ಮಿಷನ್ ಇದೆ, ಆದರೂ ಆ ಮನುಷ್ಯನಿಗೆ ತಪ್ಪು ತನ್ನದೇ ಎಂದು ಖಾತ್ರಿ. ಅವಳ ದನಿ ತಪ್ಪಿರಬಹುದು ಎಂಬ ಯೋಚನೆ ಅವನ ಹತ್ತಿರವೂ ಸುಳಿದಿರಲಿಲ್ಲ.

ಆಗ ಅವಳಿಗೆ ಬೆಳ್ಯಪ್ಪನ ನೆನಪಾಯಿತು.

ಬೆಳ್ಳಮ್ಮನಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ದಿನ ಬೆಳ್ಯಪ್ಪ ತನ್ನ ಆಟೋದಲ್ಲೇ ಅವಳನ್ನು ಘಾಟಿ ಹತ್ತಿಸಿ ಮಡಿಕೇರಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ. ಸೋಮವಾರ ಹೋಗುವ ದಿನ. ಯಮುನ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ರಿಂಗ್ ಆಗುತ್ತಿದೆಯಲ್ಲ ಎಂಬ ಉತ್ತರವೂ ಒಳಗಿನಿಂದಲೇ ಬಂತು. ಅಷ್ಟರಲ್ಲಿ ಉದಯನ ಕರೆ.

"ಯಮುನ, ಚಿಕ್ಕಪ್ಪನ ಆಟೋ ಜೋಡುಪಾಲದ ಮೇಲಿನ ತಿರುವುಲಿ ನಿಂತಿತ್ತಂತೆ. ಚಿಕ್ಕಮ್ಮಂಗೆ ಉಸಿರು ಕಟ್ಟಿತ್ತಂತೆ. ಯಾವುದೋ ಮರದ ಲಾರಿಯವರು ಎತ್ತಿಕೊಂಡು ಮಡಿಕೇರಿಗೆ ಹೋಗ್ಯೊಳೊ. ನೀ ಅಲ್ಲಿಂದ ಬೇಗ ಹೋಗು, ನಾನೂ ಹೊರಟೆ."

ಕುಶಾಲನಗರದಿಂದ ಮಡಿಕೇರಿಗೆ ಹೇಗೆ ಬಂದಳು ಎಂದು ಅವಳಿಗೆ ನೆನಪಿಲ್ಲ. ಯಾರೋ ಬಸ್ಸಿಗೆ ಹತ್ತಿಸಿದರು. ಅದು ರಾಜುವೇ ಎಂದು ಆಮೇಲೆ ತಿಳಿಯಿತು. ಆಂಪ್ಲಿಫೈಯರ್ ಗ್ಯಾರೇಜಿನಲ್ಲೇ ಉಳಿಯಿತು.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಬೆಳ್ಯಪ್ಪ ಕೂತಿದ್ದ. ಖಾಕಿ ಅಂಗಿಯ ಎದೆಯೆಲ್ಲ ಲಾರಿಯ ಮಣ್ಣು. ಅವಳನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದ.

"ಮಾವ, ಅತ್ತೆ?"

"ಒಳಗೆ ಉಟ್ಟು. ಆಕ್ಸಿಜನ್ ಹಾಕ್ಯೊಳೊ. ಡಯಾಲಿಸಿಸ್ ಮಿಷನ್‌ಗೂ ಹಾಕ್ದೊ. ಡಾಕ್ಟ್ರು ಎಂತದೂ ಹೇಳ್ತಿಲ್ಲೆ."

"ಟ್ಯಾಂಕಿಗೆ ಏನಾದರೂ ಹಾಕಿದ್ರಾ ಮಾವ?"

ಅವನು ಅಚ್ಚರಿಯಿಂದ ನೋಡಿದ. "ಹಾಕ್ದೆ. ನೀ ಹೇಳ್ದೆ ಅಲಾ, ಹಂಗೆ ಹಾಕ್ದೆ. ಬೆಳ್ಳಮ್ಮನೇ ಬಟ್ಟೆ ಕಲ್ಲಿನ ಹತ್ರ ಇದ್ದ ಬಾಟ್ಲಿ ತಂದು ಕೊಟ್ಟತ್."

ಸಮನೆಲದಲ್ಲಿ ಆಟೋ ಚೆನ್ನಾಗಿಯೇ ಓಡಿತ್ತು. ಸೋಪಿನ ನೀರು ಪೆಟ್ರೋಲಿನ ಕೆಳಗೆ ತಣ್ಣಗೆ ಕೂತಿತ್ತು. ಏರು ಹತ್ತತೊಡಗಿದ ಮೇಲೆ ಅದು ಪೈಪಿಗೆ ಇಳಿಯಿತು. ಬೆಳ್ಯಪ್ಪ ಪ್ಲಗ್ ಬಿಚ್ಚಿ ಒರೆಸಿದ, ಕಾರ್ಬೊರೇಟರ್ ಊದಿದ, ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಾಗ ಅವನು ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದಿದ್ದ. ಎಷ್ಟೋ ಕಾರುಗಳು ಬಳಸಿಕೊಂಡು ಹೋದವು. ಲಾರಿ ನಿಂತಿತು.

ಇದನ್ನೆಲ್ಲ ಅವನು ನಡುನಡುವೆ ನಿಲ್ಲಿಸಿ ಹೇಳಿದ. ದೂರಿನ ಒಂದು ಅಕ್ಷರವೂ ಇರಲಿಲ್ಲ. ಯಮುನ ಅವನಿಗೆ ಅಮೆರಿಕದ್ದು, ಕತ್ತರಿಸಿದ್ದು, ಎಲ್ಲ ಹೇಳಿದಳು. ಅವನಿಗೆ ಅರ್ಥವಾಯಿತೋ ಇಲ್ಲವೋ. "ಹಂಗಾರೆ ಅದು ನೀ ಅಲ್ಲನಾ?" ಎಂದು ಕೇಳಿದ.

"ನಾನೇ ಮಾವ."

"ಮತ್ತೆ?"

ಯಮುನ ಎದ್ದು ಬಾಗಿಲ ಗಾಜಿನಲ್ಲಿ ಒಳಗೆ ಇಣುಕಿ ನೋಡಿದಳು.

ಸಂಜೆಗೆ ಬೆಳ್ಳಮ್ಮನ ಉಸಿರು ಹದಕ್ಕೆ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಒಳಗೆ ಬಿಟ್ಟಾಗ ಯಮುನ ಮಂಚದ ಕಾಲ ಬಳಿ ನಿಂತು ಅತ್ತಳು. ಬೆಳ್ಳಮ್ಮ ಮಾಸ್ಕ್ ಸರಿಸಿ, ದನಿಯೇ ಇಲ್ಲದ ದನಿಯಲ್ಲಿ, "ಬಾಟ್ಲಿ ನಾ ಕೊಟ್ಟದ್. ಸೋಪು ಎಲ್ಲಿಗೆ ಹಾಕ್ದುಂತ ನಂಗೆ ಗೊತ್ತಿರ್ಬೇಕಿತ್ತ್, ಇಷ್ಟು ವರ್ಷ ಬಟ್ಟೆ ಒಗ್ದೊಳೆ," ಎಂದಳು. ನರ್ಸ್ ಮಾಸ್ಕನ್ನು ಮತ್ತೆ ಹಾಕಿದಳು.

ಹೊರಗೆ ಬಂದು ಯಮುನ ಭವಿತ್‌ಗೆ ಫೋನ್ ಮಾಡಿದಳು. ಅವನೂ ಬೆಚ್ಚಿಬಿದ್ದ. "ನನ್ನ ವಿಡಿಯೋದಲ್ಲಿ ಅಮೆರಿಕ ಅಂತ ಸ್ಪಷ್ಟ ಉಂಟು ಅಕ್ಕ, ಬೇಕಾದ್ರೆ ಈಗಲೇ ನೋಡಿ. ತುಂಡು ಮಾಡಿದ್ದು ಯಾರೋ. ನಾನು ಡಿಲೀಟ್ ಮಾಡ್ತೇನೆ, ಆದ್ರೆ ಆ ತುಂಡು ಎಲ್ಲಿ ಎಲ್ಲಿ ಉಂಟೋ..." ಅವನು ಹೇಳಿದ್ದು ನಿಜವೇ. ಹಿಡಿದು ಕೇಳಲು ಒಬ್ಬ ಮನುಷ್ಯ ಸಿಗಲಿಲ್ಲ. ಯಾರೋ ತಮಾಷೆಗೆ ಕತ್ತರಿಸಿದ್ದಿರಬಹುದು, ಯಾರೋ ಉಪಕಾರ ಎಂದೇ ತಿಳಿದು ಎಮಿಷನ್ ಟೆಸ್ಟಿನ ಮಾತು ಸೇರಿಸಿದ್ದಿರಬಹುದು.

ಮರುದಿನ ಬೆಳಗ್ಗೆ ಯಮುನ ಇನ್ನೊಂದು ರೆಕಾರ್ಡ್ ಮಾಡಿದಳು. "ನಾನು ಸಂಪಾಜೆಯ ಯಮುನ ಮಾತಾಡುತ್ತಿದ್ದೇನೆ. ದಯವಿಟ್ಟು ನಿಮ್ಮ ಗಾಡಿಯ ಟ್ಯಾಂಕಿಗೆ ಸೋಪು ಹಾಕಬೇಡಿ. ಅಂಥ ನಿಯಮ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಬರುವ ಪೆಟ್ರೋಲಿಗೆ ನೀವು ಏನನ್ನೂ ಸೇರಿಸಬೇಕಾಗಿಲ್ಲ." ತನಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬಂದವು. ಓದುತ್ತ ಓದುತ್ತ ಅವಳು ಉದಯನ ಕೈಗೆ ಫೋನ್ ಕೊಟ್ಟು ಗೋಡೆಗೆ ಒರಗಿದಳು.

"ಇದು ಯಮುನಕ್ಕನ ದನಿ ಅಲ್ಲ, ಎಐ," ಎಂದು ಒಬ್ಬ ಬರೆದಿದ್ದ. "ಅಕ್ಕ ಇಷ್ಟು ನಡುಗಿ ಮಾತಾಡುವುದಿಲ್ಲ," ಎಂದು ಇನ್ನೊಬ್ಬ. "ಸೋಪು ಹಾಕಿದರೆ ಮೈಲೇಜ್ ಹೆಚ್ಚುತ್ತದೆ, ಬಂಕಿನವರಿಗೆ ನಷ್ಟ, ಅದಕ್ಕೆ ಈ ನಕಲಿ ಆಡಿಯೋ," ಎಂದು ಮೂರನೆಯವನು. ಕೆಳಗೆ ಸಾಲು ಸಾಲಾಗಿ ಹೆಬ್ಬೆರಳು. ಸುಳ್ಳು ಹೇಳಿದ ದನಿ ನಿಜವಾದ ಯಮುನ, ನಿಜ ಹೇಳಿದ ದನಿ ಕಂಪ್ಯೂಟರ್ ಮಾಡಿದ್ದು. ಅವಳು ಹುಟ್ಟಿದಂದಿನಿಂದ ತನ್ನದೆಂದು ತಿಳಿದಿದ್ದ ಒಂದೇ ಒಂದು ವಸ್ತು ಅವಳ ಕೈ ಬಿಟ್ಟು ಹೋಗಿತ್ತು, ಮರಳಿ ಕೇಳಿದರೆ ನೀನು ಯಾರು ಎನ್ನುತ್ತಿತ್ತು.

ಆ ದಿನ ಅವಳು ಅಡಿಗೆಮನೆಗೂ ಹೋಗಲಿಲ್ಲ. ಉದಯ ಅನ್ನ ಬಡಿಸಿಕೊಟ್ಟರೆ ಉಂಡಳು. ಮಾರನೆಯ ಬೆಳಗ್ಗೆ ಮಾತ್ರ ಅವನಿಗಿಂತ ಮೊದಲು ಎದ್ದು, ಓಮ್ನಿಯ ಮೇಲಿನ ಹಾರ್ನ್‌ಗಳಿಗೆ ವೈರ್ ಸಿಕ್ಕಿಸುತ್ತಿದ್ದಳು.

"ಎಲ್ಲಿಗೆ?"

"ಎಲ್ಲ ಕಡೆಗೆ. ಮುಖ ತೋರಿಸಿ ಹೇಳ್ತೆ. ಆಗ ಎಂತ ಹೇಳ್ತವೆ ನೋಡುವ."

ಆಟೋ ಸ್ಟ್ಯಾಂಡು, ಸಂತೆ, ಎಸ್ಟೇಟಿನ ಗೇಟು, ಪೆಟ್ರೋಲ್ ಬಂಕು, ಹೀಗೆ ಒಂದೊಂದರ ಎದುರೂ ಗಾಡಿ ನಿಲ್ಲಿಸಿ ಅವಳು ಕೆಳಗಿಳಿದಳು. ಒಳಗೆ ಕೂತು ಹೇಳಿದರೆ ರೆಕಾರ್ಡ್ ಅಂದುಕೊಳ್ಳುತ್ತಾರೆಂದು, ಉದ್ದದ ವೈರ್ ಎಳೆದುಕೊಂಡು ಜನರ ನಡುವೆ ನಿಂತು ಮೈಕ್ ಹಿಡಿದಳು. ಕೆಲವರು ನಕ್ಕರು. ಮಡಿಕೇರಿಯಲ್ಲಿ ಒಬ್ಬ ಆಟೋದವನು, "ನಿಮ್ಮಿಂದ ನನ್ನ ಗಾಡಿ ಮೂಲೆಗೆ ಬಿದ್ದಿದೆ, ಯಾರು ಕೊಡ್ತಾರೆ ಖರ್ಚು?" ಎಂದು ಕೈಯಿಂದ ಮೈಕ್ ಕಿತ್ತುಕೊಂಡ. ಅವಳು ಕೊಟ್ಟು ನಿಂತಳು. ಅವನು ಮೈಕಿನಲ್ಲೇ ಬೈದ. ಊರಿಗೆಲ್ಲ ಕೇಳಿಸಿತು. ಬೈದು ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯದೆ ಮೈಕನ್ನು ಹಿಂದಕ್ಕೆ ಕೊಟ್ಟ. ಅವನ ಬೈಗುಳವೇ ಅತಿ ಹೆಚ್ಚು ಕೆಲಸ ಮಾಡಿತು ಎಂದು ಉದಯ ಈಗಲೂ ಹೇಳುತ್ತಾನೆ. ಸೋಪು ಹಾಕಿ ಗಾಡಿ ಕೆಡಿಸಿಕೊಂಡವನೇ ಕೂಗುತ್ತಿದ್ದಾನೆ ಎಂದು ಸ್ಟ್ಯಾಂಡಿನ ಎಲ್ಲರೂ ನಂಬಿದರು.

ಕುಶಾಲನಗರದಲ್ಲಿ ಕೃಷ್ಣಪ್ಪ ಗ್ಯಾರೇಜಿನ ಬಾಗಿಲಲ್ಲಿ ಬೇಸಿನ್ ತಂದಿಟ್ಟು, ಅದರಲ್ಲಿನ ಲೋಳೆಯನ್ನು ಬಂದವರಿಗೆಲ್ಲ ತೋರಿಸಿದರು. ರಾಜು ಪಕ್ಕದಲ್ಲಿ ನಿಂತು, ತನ್ನ ಫೋನಿನ ತುಂಡನ್ನೂ ಭವಿತ್ ಕಳಿಸಿದ ಪೂರ್ತಿ ವಿಡಿಯೋವನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿಸಿದ. ಚೋಮನ ಮಿಷನ್ ರಿಪೇರಿಯಾಗಿತ್ತು. ಯಮುನ ಎಸ್ಟೇಟಿಗೆ ಹೋಗಿ ರೈಟರ್ ಹತ್ತಿರ, ತಪ್ಪು ಅವನದಲ್ಲ ಎಂದು ಹೇಳಿಬಂದಳು. ರೈಟರ್ ಹ್ಞಾಂ ಹ್ಞಾಂ ಎಂದರು. ತಾವೇ ತಮ್ಮ ಸ್ಕೂಟರಿಗೆ ಸೋಪು ಹಾಕಿದ್ದನ್ನು ಅವರು ಹೇಳಲಿಲ್ಲ, ಲೈನಿನವರು ಹೇಳಿದರು.

ವಾರ ಕಳೆಯುವುದರೊಳಗೆ ನೊರೆಯ ಗಾಡಿಗಳು ಬರುವುದು ನಿಂತಿತು. ಬೆಳ್ಳಮ್ಮ ಮನೆಗೆ ಬಂದಳು. ಈಗ ಅವಳು ಬೆಳಗಿನ ಬಸ್ಸಿನಲ್ಲೇ ಡಯಾಲಿಸಿಸ್‌ಗೆ ಹೋಗುತ್ತಾಳೆ, ಬೆಳ್ಯಪ್ಪ ಪಕ್ಕದಲ್ಲಿ ಕೂತಿರುತ್ತಾನೆ. ಆಟೋ ಸರಿಯಾಗಿದೆ. ಆದರೆ ಆ ತಿರುವನ್ನು ಅದರಲ್ಲಿ ಹತ್ತಲು ಅವನಿಗೆ ಮನಸ್ಸು ಬರುವುದಿಲ್ಲ.

ಯಮುನ ಗೋಡೆಯ ಕಂಬಳಿ ತೆಗೆದುಬಿಟ್ಟಳು. ರೆಕಾರ್ಡ್ ಕೆಲಸ ಬಿಟ್ಟಿದ್ದಾಳೆ. ಕರೆದರೆ ಗಾಡಿಯಲ್ಲಿ ಬರುತ್ತಾಳೆ, ಇಳಿದು ನಿಂತು ಹೇಳುತ್ತಾಳೆ. ಮೊನ್ನೆ ಕೊಯನಾಡಿನಲ್ಲಿ ನೀರಿನ ಟ್ಯಾಂಕ್ ತೊಳೆಯುವ ವಿಷಯ ಹೇಳಿ ಮುಗಿಸಿದಾಗ ಸಣ್ಣಿ ಎಂಬ ಮುದುಕಿ ಫೋನ್ ಹಿಡಿದು ಹತ್ತಿರ ಬಂದಳು.

"ಅಕ್ಕ, ಇದ್ರಲ್ಲಿ ಏನೋ ಬಂದಿದೆ. ಪಿಂಚಣಿ ಬೇಕಂದ್ರೆ ಇದನ್ನ ಒತ್ತಬೇಕಂತೆ. ಸತ್ಯನಾ?"

ಅವಳ ಹಿಂದೆ ಇನ್ನೂ ನಾಲ್ಕೈದು ಜನ ಫೋನ್ ಹಿಡಿದು ನಿಂತಿದ್ದರು. ಹಳೆಯ ಯಮುನ ಆಗಿದ್ದರೆ ಏನಾದರೊಂದು ಹೇಳುತ್ತಿದ್ದಳೇನೋ. ಅವಳು ಫೋನ್ ತೆಗೆದುಕೊಂಡು ಓದಿದಳು, ಮತ್ತೊಮ್ಮೆ ಓದಿದಳು.

"ನಂಗೆ ಗೊತ್ತಿಲ್ಲ ಅಜ್ಜಿ," ಎಂದಳು. "ಒತ್ತಬೇಡಿ. ಬನ್ನಿ ಗಾಡಿಗೆ, ಪಂಚಾಯ್ತಿಗೆ ಹೋಗಿ ಕೇಳುವ."

ಉದಯ ಹಿಂದಿನ ಸೀಟಿನ ಸ್ಪೀಕರ್ ಸರಿಸಿ ಜಾಗ ಮಾಡಿದ. ಸಣ್ಣಿ ಸೆರಗು ಬಿಗಿದುಕೊಂಡು ಹತ್ತಿದಳು. ಉಳಿದವರೂ ಒಬ್ಬೊಬ್ಬರಾಗಿ ಹತ್ತತೊಡಗಿದರು.